ಉಲ್ಲೇಖದ ಲೆಕ್ಕಕ್ಕೆ ಸಿಗದ ರಂಗನಾಥನ್

ಒಬ್ಬ ಸಂಶೋಧಕರ ಕೆಲಸವನ್ನು ಅಳೆಯುವುದು ಹೇಗೆ ಎಂಬುದು ಈಗ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅನ್ನದ ಪ್ರಶ್ನೆಯಾಗಿದೆ. ನೇಮಕಾತಿ, ಬಡ್ತಿ, ಅನುದಾನ, ಸಂಸ್ಥೆಯ ಶ್ರೇಯಾಂಕ, ಇವೆಲ್ಲಕ್ಕೂ ಸಲ್ಲಿಸುವ ಅರ್ಜಿಗಳಲ್ಲಿ ಮೂರು ಅಂಕಣಗಳು ತಪ್ಪದೆ ಇರುತ್ತವೆ: ಪ್ರಕಟವಾದ ಪ್ರಬಂಧಗಳೆಷ್ಟು, ಅವುಗಳಿಗೆ ಬಂದ ಉಲ್ಲೇಖಗಳೆಷ್ಟು, ಎಚ್-ಇಂಡೆಕ್ಸ್ ಎಷ್ಟು. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ: ದೇಶವಿದೇಶಗಳ ಸಹಲೇಖಕರು ಯಾರು ಯಾರು. ಈ ಅಂಕಿಗಳನ್ನು ಸಾಕಿ ಬೆಳೆಸಿದ ಶಾಸ್ತ್ರ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ. ಹಾಗಾಗಿ ಅವುಗಳನ್ನು ಪರೀಕ್ಷಿಸುವ ಹೊಣೆಯೂ ಮೊದಲು ಆ ಶಾಸ್ತ್ರದವರ ಮೇಲೆಯೇ ಬೀಳುತ್ತದೆ. ಈ ಉಪನ್ಯಾಸದಲ್ಲಿ ಆ ಶಾಸ್ತ್ರದ ಒಬ್ಬರೇ ಸಂಶೋಧಕರನ್ನು, ಶಿಯಾಳಿ ರಾಮಾಮೃತ ರಂಗನಾಥನ್ ಅವರನ್ನು, ಅವರದೇ ಶಾಸ್ತ್ರ ಬೆಳೆಸಿದ ಅಳತೆಗೋಲಿನ ಮುಂದೆ ನಿಲ್ಲಿಸಿ ನೋಡಬೇಕೆಂದಿದ್ದೇನೆ. ಉಲ್ಲೇಖಗಳ ಎಣಿಕೆಯಿಂದ ಒಬ್ಬರ ಕೆಲಸವನ್ನು ಓದಲು ತೊಡಗಬಹುದು, ಆದರೆ ಆ ಎಣಿಕೆಯೊಂದನ್ನೇ ಹಿಡಿದು ಅವರ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎಂಬುದು ನನ್ನ ವಾದ. ಸಹಲೇಖಕರ ಪಟ್ಟಿಗೂ ಸಹಯೋಗಕ್ಕೂ ನಡುವಿನ ಅಂತರ ಇದಕ್ಕಿಂತ ದೊಡ್ಡದು.

ಉಲ್ಲೇಖ ಸೂಚಿಯ ಮೂಲ ವಿಜ್ಞಾನದಲ್ಲಿಲ್ಲ, ನ್ಯಾಯಾಲಯದಲ್ಲಿದೆ. ಅಮೆರಿಕದ ವಕೀಲರು 1873ರಿಂದ ಬಳಸುತ್ತ ಬಂದ ಶೆಪರ್ಡ್ಸ್ ಸೈಟೇಷನ್ಸ್ ಎಂಬ ಪ್ರಕಟಣೆ ಹಿಂದಿನ ಒಂದು ತೀರ್ಪನ್ನು ಮುಂದೆ ಯಾವ ಯಾವ ನ್ಯಾಯಾಲಯಗಳು ಉಲ್ಲೇಖಿಸಿದವು ಎಂದು ಪಟ್ಟಿ ಮಾಡುತ್ತಿತ್ತು. ಅದರ ಒಂದು ಗುಣವನ್ನು ಇಲ್ಲಿ ಎತ್ತಿ ಹೇಳಬೇಕು. ಪ್ರತಿ ಉಲ್ಲೇಖದ ಪಕ್ಕ ಒಂದು ಸಂಕೇತಾಕ್ಷರ ಇರುತ್ತಿತ್ತು. ಮುಂದಿನ ನ್ಯಾಯಾಲಯ ಆ ತೀರ್ಪನ್ನು ಅನುಸರಿಸಿತೋ, ಬೇರೆ ಸಂದರ್ಭದ್ದೆಂದು ಬದಿಗಿಟ್ಟಿತೋ, ರದ್ದುಗೊಳಿಸಿತೋ ಎಂಬುದು ಆ ಅಕ್ಷರದಿಂದ ಗೊತ್ತಾಗುತ್ತಿತ್ತು. ರದ್ದಾದ ತೀರ್ಪನ್ನು ಹಿಡಿದು ವಾದಿಸಿದ ವಕೀಲ ಸೋಲುತ್ತಾನೆ. ಆದ್ದರಿಂದ ಉಲ್ಲೇಖ ಎಂಥದ್ದು ಎಂಬುದು ಅಲ್ಲಿ ಎಷ್ಟು ಎಂಬುದಕ್ಕಿಂತ ಮುಖ್ಯವಾಗಿತ್ತು. ಯೂಜೀನ್ ಗಾರ್‌ಫೀಲ್ಡ್ ಈ ಮಾದರಿಯನ್ನು ಕಂಡು, 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವಿಜ್ಞಾನಕ್ಕೂ ಇಂಥದೊಂದು ಸೂಚಿ ಬೇಕೆಂದು ವಾದಿಸಿದರು. ಅವರ ಆಗಿನ ಉದ್ದೇಶ ಹುಡುಕಾಟ. ಹಳೆಯ ಪ್ರಬಂಧವೊಂದು ಕೈಯಲ್ಲಿದ್ದರೆ ಅದರ ಬೆನ್ನಿಗೆ ಯಾರು ಏನು ಬರೆದರು, ಯಾರು ಅದರ ತಪ್ಪನ್ನು ತೋರಿಸಿದರು ಎಂದು ತಿಳಿಯುವ ದಾರಿ ಅದು. 1961ರ ಸಾಹಿತ್ಯವನ್ನು ಆಧರಿಸಿ, 613 ನಿಯತಕಾಲಿಕೆಗಳಿಂದ ಸುಮಾರು 14 ಲಕ್ಷ ಉಲ್ಲೇಖಗಳನ್ನು ಸಂಗ್ರಹಿಸಿ ಐದು ಸಂಪುಟಗಳಲ್ಲಿ ಬಂದ ಸೈನ್ಸ್ ಸೈಟೇಷನ್ ಇಂಡೆಕ್ಸ್ ಈ ಕನಸನ್ನು ನನಸು ಮಾಡಿತು. ಆದರೆ ವಕೀಲರ ಸೂಚಿಯಲ್ಲಿದ್ದ ಆ ಸಂಕೇತಾಕ್ಷರ ಇದರಲ್ಲಿ ಇರಲಿಲ್ಲ. ಲಕ್ಷಗಟ್ಟಲೆ ಉಲ್ಲೇಖಗಳನ್ನು ಒಂದೊಂದಾಗಿ ಓದಿ ಗುರುತು ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ. ಒಪ್ಪಿ ಬರೆದದ್ದು, ಅಲ್ಲಗಳೆದು ಬರೆದದ್ದು, ಶಿಷ್ಟಾಚಾರಕ್ಕೆ ಹೆಸರು ಸೇರಿಸಿದ್ದು, ಮೂರೂ ಒಂದೇ ತೂಕದ ಒಂದೊಂದು ಅಂಕಿಯಾದವು. ಇವತ್ತಿನ ತೊಡಕುಗಳಲ್ಲಿ ಬಹುಪಾಲು ಅಲ್ಲಿಂದಲೇ ಶುರುವಾಗಿವೆ.

ಆ ಮೂರನೆಯ ಬಗೆಯ ಉಲ್ಲೇಖ ಎಷ್ಟು ಹೆಚ್ಚು ಎಂಬುದನ್ನು ಮೊರಾವ್‌ಸಿಕ್ ಮತ್ತು ಮುರುಗೇಶನ್ 1975ರಲ್ಲೇ ತೋರಿಸಿದ್ದರು. ಫಿಸಿಕಲ್ ರಿವ್ಯೂ ಪತ್ರಿಕೆಯ 30 ಸೈದ್ಧಾಂತಿಕ ಪ್ರಬಂಧಗಳನ್ನು ಸಾಲು ಸಾಲಾಗಿ ಓದಿದಾಗ, ಅವುಗಳಲ್ಲಿದ್ದ ಉಲ್ಲೇಖಗಳಲ್ಲಿ ನೂರಕ್ಕೆ ಸುಮಾರು 40 ವಾದಕ್ಕೆ ಅಗತ್ಯವೇ ಇಲ್ಲದೆ, ಸುಮ್ಮನೆ ಮರ್ಯಾದೆಗೆ ಬಂದವು ಎಂದು ಕಂಡಿತು. ಭೌತವಿಜ್ಞಾನದಂಥ ಬಿಗಿ ಶಿಸ್ತಿನಲ್ಲೇ ಹೀಗಾದರೆ ಮಿಕ್ಕ ಶಿಸ್ತುಗಳಲ್ಲಿ ಇನ್ನೂ ಎಚ್ಚರದಿಂದಿರಬೇಕು. ಇದರ ಜತೆಗೆ ಲೋರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧವನ್ನು ಇಟ್ಟು ನೋಡಿ. ದ್ರಾವಣವೊಂದರಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ವಿಧಾನ ಅದು. 2014ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಹಾಕಿಸಿದಾಗ ಮೂರು ಲಕ್ಷಕ್ಕೂ ಮೀರಿದ ಉಲ್ಲೇಖಗಳೊಂದಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು ಅದೇ. ಉಪಯುಕ್ತ ಕೆಲಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಡಿಎನ್‌ಎ ರಚನೆಯ ಶೋಧಕ್ಕಿಂತ ಅದು ದೊಡ್ಡದೆಂದು ಯಾವ ಜೀವವಿಜ್ಞಾನಿಯೂ ಹೇಳುವುದಿಲ್ಲ. ಉಲ್ಲೇಖದ ಅಂಕಿ ತೋರಿಸುವುದು ಬಳಕೆಯನ್ನು. ಅದೂ ಸೂಚಿಯ ಬೇಲಿಯೊಳಗೆ, ಅಡಿಟಿಪ್ಪಣಿಯ ರೂಪದಲ್ಲಿ ದಾಖಲಾದ ಬಳಕೆಯನ್ನು ಮಾತ್ರ.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಮುಂದಿಟ್ಟ ಎಚ್-ಇಂಡೆಕ್ಸ್ ಈ ಅಂಕಿಗಳನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸಿತು. ಕನಿಷ್ಠ 12 ಉಲ್ಲೇಖ ಪಡೆದ 12 ಪ್ರಬಂಧಗಳಿದ್ದರೆ ಎಚ್ 12. ಇನ್ನೊಬ್ಬರು ಜೀವಮಾನದಲ್ಲಿ ಮೂರೇ ಪುಸ್ತಕ ಬರೆದು, ಒಂದೊಂದಕ್ಕೂ ಸಾವಿರ ಉಲ್ಲೇಖ ಬಂದಿದ್ದರೂ ಅವರ ಎಚ್ ಮೂರನ್ನು ದಾಟುವುದಿಲ್ಲ. ಪುಸ್ತಕಗಳಲ್ಲಿ ಯೋಚಿಸುವ ವಿದ್ವಾಂಸರಿಗೆ ಈ ಸೂತ್ರದಲ್ಲಿ ಜಾಗವಿಲ್ಲ. ಹಿರ್ಶ್ ಅವರೇ 2020ರಲ್ಲಿ, ತಮ್ಮ ಸೂಚ್ಯಂಕ ತಾವು ಎಣಿಸಿರದ ಕೆಟ್ಟ ಪರಿಣಾಮಗಳನ್ನೂ ತಂದಿತೆಂದು ಬರೆದರು.

ಈಗ ರಂಗನಾಥನ್ ಅವರತ್ತ ಬರೋಣ. 1892ರಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು, 1933ರಲ್ಲಿ ಕೋಲನ್ ವರ್ಗೀಕರಣ, 1934ರಲ್ಲಿ ಸೂಚೀಕರಣದ ಸಂಹಿತೆ, 1937ರಲ್ಲಿ ವರ್ಗೀಕರಣದ ತಾತ್ತ್ವಿಕ ಪೀಠಿಕೆ: ಏಳು ವರ್ಷಗಳ ಅವಧಿಯಲ್ಲಿ ಒಂದು ಶಾಸ್ತ್ರದ ಅಡಿಪಾಯವನ್ನೇ ಹಾಕಿದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಇಲ್ಲೇ ಡಾಕ್ಯುಮೆಂಟೇಷನ್ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು, ನಾವೆಲ್ಲ ಡಿಆರ್‌ಟಿಸಿ ಎನ್ನುವುದನ್ನು, ಕಟ್ಟಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಈ ದಿನಾಂಕವನ್ನು ಉಲ್ಲೇಖ ಸೂಚಿಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕು. ಗ್ರಂಥಾಲಯ ವಿಜ್ಞಾನ ಸೇರುವುದು ಸಮಾಜವಿಜ್ಞಾನಗಳ ಸೂಚಿಯಲ್ಲಿ, ಆ ಸೂಚಿ ಹೊರಬಂದದ್ದು 1973ರಲ್ಲಿ. ಅಂದರೆ ತಮ್ಮ ಶಾಸ್ತ್ರವನ್ನು ಅಳೆಯುವ ಸಾಧನ ಕೈಗೆ ಬರುವ ಹೊತ್ತಿಗೆ ರಂಗನಾಥನ್ ಇರಲಿಲ್ಲ, ಅವರ ಅತ್ಯುತ್ತಮ ಕೆಲಸಕ್ಕೆ ಮೂರು ನಾಲ್ಕು ದಶಕ ವಯಸ್ಸಾಗಿತ್ತು. ಆ ದಶಕಗಳಲ್ಲಿ ಭಾರತ, ಇಂಗ್ಲೆಂಡುಗಳ ಗ್ರಂಥಾಲಯ ಪತ್ರಿಕೆಗಳಲ್ಲಿ ಅವರ ಬಗ್ಗೆ ನಡೆದ ವಾದ ಪ್ರತಿವಾದಗಳಲ್ಲಿ ಬಹಳಷ್ಟು ಯಾವ ಯಂತ್ರದ ಲೆಕ್ಕಕ್ಕೂ ಬಂದಿಲ್ಲ.

ಹೆಸರಿನ ತೊಡಕು ಚಿಕ್ಕದೆನಿಸಬಹುದು. ಹತ್ತಿರದಿಂದ ನೋಡಿದರೆ ಅಷ್ಟು ಚಿಕ್ಕದಲ್ಲ. ಪಾಶ್ಚಾತ್ಯ ಸೂಚಿಯೊಂದು ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿದು ಉಳಿದದ್ದನ್ನು ಇನಿಷಿಯಲ್ ಮಾಡುತ್ತದೆ. ನಮ್ಮಲ್ಲಿ ಕೊನೆಯ ಪದವೇ ವ್ಯಕ್ತಿಯ ಹೆಸರು. ಅದಕ್ಕೆ ಮೊದಲು ಬರುವ ಅಕ್ಷರಗಳು ಊರು ಮತ್ತು ತಂದೆಯ ಹೆಸರು. ‘ಎಸ್. ರಂಗನಾಥನ್’ ಎಂದು ಹುಡುಕಿದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಿದ್ಧ ಲೋಹವಿಜ್ಞಾನಿಯೊಬ್ಬರ ಪ್ರಬಂಧಗಳೂ ಬಂದು ಸೇರುತ್ತವೆ, ಅವರೂ ಬೆಂಗಳೂರಿನವರೇ. ‘ಎಸ್. ಆರ್.’ ಎಂದು ಬಿಗಿ ಮಾಡಿದರೆ ಒಂದೇ ಅಕ್ಷರದಿಂದ ಉಲ್ಲೇಖಿಸಿದವೆಲ್ಲ ಬಿಟ್ಟುಹೋಗುತ್ತವೆ. ಕೋಲನ್ ವರ್ಗೀಕರಣದ ಆರು ಆವೃತ್ತಿಗಳು ಅವರ ಜೀವಿತಕಾಲದಲ್ಲೇ ಬಂದವು. ಒಬ್ಬೊಬ್ಬ ಲೇಖಕರು ಒಂದೊಂದು ಆವೃತ್ತಿಯನ್ನು, ಒಂದೊಂದು ಇಸವಿಯನ್ನು ಕೊಡುತ್ತಾರೆ. ಯಂತ್ರಕ್ಕೆ ಅವು ಬೇರೆ ಬೇರೆ ಪುಸ್ತಕಗಳು. ಒಂದೇ ಗ್ರಂಥದ ಉಲ್ಲೇಖಗಳು ಹೀಗೆ ಹಲವು ಕಡೆ ಹಂಚಿಹೋದರೆ ಎಚ್-ಇಂಡೆಕ್ಸ್ ಯಾವ ದಿಕ್ಕಿಗೆ ವಾಲುತ್ತದೆಂದು ಮೊದಲೇ ಹೇಳಲೂ ಆಗುವುದಿಲ್ಲ. 2012ರಿಂದ ಬಂದ ಆರ್ಕಿಡ್‌ನ ಹದಿನಾರು ಅಂಕಿಯ ಗುರುತು ಇಂದಿನವರಿಗೆ ಈ ಕಷ್ಟವನ್ನು ಕಡಿಮೆ ಮಾಡಿದೆ. ತೀರಿಕೊಂಡವರಿಗೆ ಅದು ಉಪಯೋಗಕ್ಕೆ ಬಾರದು.

ಇಷ್ಟು ಮಾತ್ರವಾಗಿದ್ದರೆ ಅದು ದತ್ತಾಂಶದ ಕೊರತೆ, ಶ್ರಮವಹಿಸಿ ತುಂಬಿಕೊಳ್ಳಬಹುದು. ಎಷ್ಟು ಶ್ರಮಪಟ್ಟರೂ ತುಂಬಲಾಗದ ಇನ್ನೊಂದು ಬಗೆಯ ಕೊರತೆಯಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. ಬ್ರಿಟಿಷ್ ನ್ಯಾಷನಲ್ ಬಿಬ್ಲಿಯಾಗ್ರಫಿ 1950ರಲ್ಲಿ ಆರಂಭವಾದಾಗ ಅದರ ಸಂಪಾದಕ ಎ. ಜೆ. ವೆಲ್ಸ್ ವಿಷಯಸೂಚಿಗೆ ರಂಗನಾಥನ್ನರ ಸರಪಳಿ ಸೂಚೀಕರಣವನ್ನು ಆರಿಸಿಕೊಂಡರು. ವರ್ಗಸಂಖ್ಯೆಯ ಒಂದೊಂದು ಕೊಂಡಿಯಿಂದಲೂ ಒಂದೊಂದು ವಿಷಯಪದವನ್ನು ಬಿಡಿಸಿಕೊಳ್ಳುವ ವಿಧಾನವದು; ಸೂಚಿಕಾರನ ಮನಸ್ಸಿಗೆ ತೋಚಿದಂತೆ ಪದ ಕೊಡುವ ಪದ್ಧತಿಗೆ ಅದು ಕಡಿವಾಣ ಹಾಕಿತು. ಸುಮಾರು ಎರಡು ದಶಕಗಳ ಕಾಲ ಬ್ರಿಟನ್ನಿನಲ್ಲಿ ಅಚ್ಚಾದ ಪುಸ್ತಕಗಳ ವಿಷಯಸೂಚಿ ತಯಾರಾದದ್ದು ಆ ವಿಧಾನದಲ್ಲಿ. ಅದನ್ನು ಬಳಸಿ ಪುಸ್ತಕ ಹುಡುಕಿದ ಗ್ರಂಥಪಾಲ, ಓದುಗ, ವಿದ್ಯಾರ್ಥಿ ಯಾರೂ ಅಡಿಟಿಪ್ಪಣಿಯಲ್ಲಿ ರಂಗನಾಥನ್ ಎಂದು ಬರೆಯಬೇಕಾದ ಸಂದರ್ಭವೇ ಇರಲಿಲ್ಲ. ವಿಷಯವೊಂದನ್ನು ಒಂದೇ ಮರದ ಕೊಂಬೆಯಲ್ಲಿ ತೂಗುಹಾಕದೆ, ವ್ಯಕ್ತಿ, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಅವರ ಮೂಲ ವಿಚಾರದ ಗತಿಯೂ ಇದೇ. ಫ್ಲಿಪ್‌ಕಾರ್ಟ್‌ನಲ್ಲಿ ಅಂಗಿ ಹುಡುಕುವವರು ಅಳತೆ, ಬಣ್ಣ, ಬಟ್ಟೆ, ಬೆಲೆ ಎಂದು ಒಂದೊಂದೇ ಮುಖವನ್ನು ಆರಿಸಿ ಪಟ್ಟಿಯನ್ನು ಕಿರಿದು ಮಾಡುತ್ತಾರಲ್ಲ, ಅದರ ಹಿಂದಿನ ತತ್ತ್ವ ಮುಖವಿಶ್ಲೇಷಣೆಯದೇ. ಇಂಥ ಜಾಲತಾಣಗಳಿಗೆ ಹುಡುಕಾಟ ರೂಪಿಸುವ ಎಂಜಿನಿಯರು ಪ್ರಬಂಧ ಬರೆಯುವುದಿಲ್ಲ. ಬರೆದರೂ ಹತ್ತು ವರ್ಷ ಹಿಂದಿನ ಕಂಪ್ಯೂಟರ್ ವಿಜ್ಞಾನದ ಪ್ರಬಂಧವನ್ನು ಉಲ್ಲೇಖಿಸುತ್ತಾನೆ, 1933ರ ಮದರಾಸಿನ ಪುಸ್ತಕವನ್ನಲ್ಲ.

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿದ್ದರು: ಒಂದು ವಿಚಾರ ಒಂದು ಶಾಸ್ತ್ರದ ಮೈಗೆ ಪೂರ್ತಿ ಹತ್ತಿದ ಮೇಲೆ ಅದನ್ನು ಹೇಳಿದವರ ಹೆಸರು ಅಳಿಸಿಹೋಗುತ್ತದೆ. ಗಾರ್‌ಫೀಲ್ಡ್ ಕೂಡ 1975ರಲ್ಲಿ ಇದೇ ವಿಷಯದ ಮೇಲೆ ಪ್ರತ್ಯೇಕ ಲೇಖನ ಬರೆದು, ಹೀಗೆ ಅಳಿಸಿಹೋಗುವುದು ಒಂದು ಗೌರವವೇ ಎಂದು ವಾದಿಸಿದರು. ಉಲ್ಲೇಖ ಸೂಚಿಯನ್ನು ಕಟ್ಟಿದವರೇ ಅದರ ಈ ಮಿತಿಯನ್ನು ಇಷ್ಟು ನಿಚ್ಚಳವಾಗಿ ಕಂಡಿದ್ದರು ಎಂಬುದನ್ನು ಆಯ್ಕೆ ಸಮಿತಿಗಳಲ್ಲಿ ಕೂರುವವರು ನೆನಪಿನಲ್ಲಿಡಬೇಕು. 1984ರಲ್ಲಿ ಅದೇ ಗಾರ್‌ಫೀಲ್ಡ್ ಕರೆಂಟ್ ಕಂಟೆಂಟ್ಸ್ ಎಂಬ ವಾರಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ರಂಗನಾಥನ್ನರ ಬದುಕು ಬರಹಗಳ ಬಗ್ಗೆ ಗೌರವಪೂರ್ವಕವಾಗಿ ಬರೆದರು. ಉಲ್ಲೇಖ ಸೂಚಿಯ ಜನಕ ಒಬ್ಬ ಗ್ರಂಥಪಾಲನ ಹಿರಿಮೆಯನ್ನು ತಿಳಿಸಲು ಎರಡು ವಾರ ಪುಟಗಟ್ಟಲೆ ಗದ್ಯ ಬರೆಯಬೇಕಾಯಿತು.

ಸಹಯೋಗದ ಲೆಕ್ಕ ಇನ್ನೂ ಸಂಕೀರ್ಣ. ಇಂದು ಸಹಯೋಗವೆಂದರೆ ಸಹಲೇಖಕತ್ವ: ಪ್ರಬಂಧದ ತಲೆಯಲ್ಲಿ ಎರಡು ಹೆಸರಿದ್ದರೆ ಇಬ್ಬರ ನಡುವೆ ಒಂದು ಗೆರೆ, ಎಲ್ಲ ಗೆರೆಗಳೂ ಸೇರಿ ಒಂದು ಜಾಲ. ನೋಡಲು ಅಂದವಾಗಿರುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟ ಅವರ ಮತ್ತು ಅವರ ಸಂಸ್ಥೆಗಳ ಹೆಸರುಗಳಿಗೇ ಮೀಸಲು. ಈ ಜಾಲದಲ್ಲಿ ಒಬ್ಬೊಬ್ಬರಿಗೂ ಐದು ಸಾವಿರಕ್ಕೂ ಹೆಚ್ಚು ಸಹಯೋಗಿಗಳು, ಅವರಲ್ಲಿ ಪರಸ್ಪರ ಮುಖ ನೋಡದವರೇ ಬಹಳ ಮಂದಿ ಇದ್ದಾರು. ಇನ್ನೊಂದು ತುದಿಯಲ್ಲಿ, ಬಹುಪಾಲು ಒಬ್ಬರೇ ಬರೆದ ರಂಗನಾಥನ್. ಅವರ ಜಾಲ ಕಾಗದದ ಮೇಲೆ ತೀರ ತೆಳುವಾಗಿ ಕಾಣುತ್ತದೆ. ವಾಸ್ತವ ಏನು? 1952ರಲ್ಲಿ ಲಂಡನ್ನಿನಲ್ಲಿ ಕ್ಲಾಸಿಫಿಕೇಷನ್ ರಿಸರ್ಚ್ ಗ್ರೂಪ್ ಕೂಡಿಕೊಂಡಿತು. ವಿಕರಿ, ಫಾಸ್ಕೆಟ್, ಮಿಲ್ಸ್, ಫ್ಯಾರಡೇನ್ ಮೊದಲಾದ ಗ್ರಂಥಪಾಲರು ಮತ್ತು ಮಾಹಿತಿ ತಜ್ಞರು ರಂಗನಾಥನ್ನರ ಸಿದ್ಧಾಂತವನ್ನು ಕೈಗೆತ್ತಿಕೊಂಡು, ಒಪ್ಪದ ಕಡೆ ಜಗಳವಾಡಿ, ತಮ್ಮ ತಮ್ಮ ಕ್ಷೇತ್ರಗಳ ವರ್ಗೀಕರಣಗಳನ್ನು ಕಟ್ಟಿದರು. ಮಾಹಿತಿ ಹುಡುಕಾಟದ ಎಲ್ಲ ವಿಧಾನಗಳಿಗೂ ಮುಖವಿಶ್ಲೇಷಣೆಯೇ ತಳಹದಿಯಾಗಬೇಕೆಂದು ಆ ಗುಂಪು 1955ರಲ್ಲಿ ಬಹಿರಂಗವಾಗಿ ಸಾರಿತು. 1957ರಲ್ಲಿ ಇಂಗ್ಲೆಂಡಿನ ಡಾರ್ಕಿಂಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ರಂಗನಾಥನ್ ಆ ಗುಂಪಿನವರೊಂದಿಗೆ ಕುಳಿತು ಚರ್ಚಿಸಿದರು. ಈ ಒಡನಾಟ ಮಾಹಿತಿ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸಹಯೋಗಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. ಸಹಲೇಖಕರ ಜಾಲದಲ್ಲಿ ಅದಕ್ಕೆ ಸಿಗುವ ಜಾಗ ಅತ್ಯಲ್ಪ.

ಬೆಂಗಳೂರಿನ ಕಥೆಯೂ ಅಂಥದೇ. ಡಿಆರ್‌ಟಿಸಿಯಲ್ಲಿ ನೀಲಮೇಘನ್, ಗೋಪಿನಾಥ್, ಭಟ್ಟಾಚಾರ್ಯ ಮೊದಲಾದವರು ರಂಗನಾಥನ್ನರ ವಿಚಾರಗಳ ಜತೆ ದಿನವೂ ಗುದ್ದಾಡಿ ಅವುಗಳನ್ನು ಮುಂದಕ್ಕೊಯ್ದರು. 1964ರಲ್ಲಿ ಆರಂಭವಾದ ಅವರ ತ್ರೈಮಾಸಿಕ ಪತ್ರಿಕೆಯ ಪುಟಗಳಲ್ಲಿ ಗುರು ಶಿಷ್ಯರ ನಡುವಿನ ಕೊಡುಕೊಳ್ಳುವಿಕೆ ಎದ್ದು ಕಾಣುತ್ತದೆ. ಯಾರ ಮಾತು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತೆಂದು ಬಿಡಿಸುವುದೇ ಕಷ್ಟ. ಇದಕ್ಕೂ ಮುಂಚೆ ರಂಗನಾಥನ್ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠ ಸ್ಥಾಪಿಸಿದರು. 1961ರಲ್ಲಿ ಅದೇ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನಕ್ಕೆಂದು ಒಂದು ದತ್ತಿಯನ್ನೂ ಇಟ್ಟರು. ಮುಂದಿನ ತಲೆಮಾರಿನವರು ಕೆಲಸ ಮಾಡಲು ಜಾಗ ಮಾಡಿಕೊಡುವುದು ಸಹಯೋಗವಲ್ಲದೆ ಮತ್ತೇನು? 1997ರಲ್ಲಿ ಕಾಟ್ಜ್ ಮತ್ತು ಮಾರ್ಟಿನ್ ಸಂಶೋಧನ ಸಹಯೋಗವೆಂದರೇನು ಎಂದೇ ಕೇಳಿ, ಸಹಲೇಖಕತ್ವ ಅದರ ಅಪೂರ್ಣ ಗುರುತಷ್ಟೇ ಎಂದು ತೋರಿಸಿಕೊಟ್ಟರು. ಬ್ಲೇಸ್ ಕ್ರೋನಿನ್ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಲೇಖಕರ ಪಟ್ಟಿಗೆ ಬಾರದ ಬೌದ್ಧಿಕ ಋಣ ಅಲ್ಲಿ ದಾಖಲಾಗಿರುತ್ತದೆಂದು ವಾದಿಸಿದರು. ಒಬ್ಬರ ಸಹಯೋಗವನ್ನು ಅಳೆಯಲು ಹೊರಟವರು ಕೃತಜ್ಞತೆಯ ಸಾಲುಗಳನ್ನೂ, ಶಿಷ್ಯರ ಮಹಾಪ್ರಬಂಧಗಳನ್ನೂ, ಅವರು ಕಟ್ಟಿದ ಸಂಸ್ಥೆಗಳ ದಾಖಲೆಗಳನ್ನೂ ಓದಬೇಕು.

ಇಲ್ಲಿ ಏಳುವ ಆಕ್ಷೇಪಗಳಲ್ಲಿ ಒಂದು ಬಹಳ ಗಟ್ಟಿಯಾದದ್ದು. ಅಂಕಿಗಳನ್ನು ಬದಿಗಿಟ್ಟರೆ ಉಳಿಯುವುದು ಹಿರಿಯರ ಅಭಿಪ್ರಾಯ, ನಮ್ಮ ದೇಶದಲ್ಲಿ ಹಿರಿಯರ ಅಭಿಪ್ರಾಯವೆಂದರೆ ಎಷ್ಟೋ ವೇಳೆ ಜಾತಿ, ಊರು, ಗುರುವಿನ ಹೆಸರು, ಶಿಫಾರಸು. ಹಳ್ಳಿಯಿಂದ ಬಂದ, ಬೆನ್ನ ಹಿಂದೆ ಯಾರೂ ಇಲ್ಲದ ಸಂಶೋಧಕಿಗೆ ಅಂಕಿಯೇ ಆಸರೆ ಎಂಬುದು ಆ ಆಕ್ಷೇಪ. ಇದು ನಿಜ, ಇದನ್ನು ಹಗುರವಾಗಿ ತಳ್ಳಿಹಾಕುವವರು ಆಯ್ಕೆ ಸಮಿತಿಗಳ ಒಳಗನ್ನು ಬಲ್ಲವರಲ್ಲ. ಹಾಗೆಂದು ಆ ಸಂಶೋಧಕಿಗೆ ಅಂಕಿ ಕೊಡುವ ರಕ್ಷಣೆ ಎಷ್ಟರದು ಎಂದೂ ಕೇಳಬೇಕಲ್ಲವೇ? ಹೆಸರಿದ್ದವರಿಗೇ ಮತ್ತಷ್ಟು ಹೆಸರು ಬರುತ್ತದೆಂದು ಮರ್ಟನ್ 1968ರಲ್ಲಿ ತೋರಿಸಿದರು; ಉಲ್ಲೇಖಗಳೂ ಹಾಗೆಯೇ ಕೂಡುತ್ತ ಹೋಗುತ್ತವೆಂದು ಡೆರೆಕ್ ಪ್ರೈಸ್ 1976ರಲ್ಲಿ ಗಣಿತದ ಮೂಲಕ ಸ್ಥಾಪಿಸಿದರು. ದೊಡ್ಡ ಸಂಸ್ಥೆ, ದೊಡ್ಡ ಗುರು, ಇಂಗ್ಲಿಷ್ ಪತ್ರಿಕೆ ಸಿಕ್ಕವರ ಅಂಕಿ ತಾನೇ ಬೆಳೆಯುತ್ತದೆ. ಅಂದರೆ ಯಾವ ಪಕ್ಷಪಾತದಿಂದ ಕಾಪಾಡಲೆಂದು ಅಂಕಿಯನ್ನು ಕರೆತಂದೆವೋ ಅದೇ ಪಕ್ಷಪಾತ ಅಂಕಿಯೊಳಗೂ ಕುಳಿತಿದೆ, ಈಗ ವಸ್ತುನಿಷ್ಠತೆಯ ವೇಷದಲ್ಲಿ. ಅದಕ್ಕೆ ಮದ್ದು ಅಂಕಿಯನ್ನು ಎಸೆಯುವುದಲ್ಲ, ಹಿರಿಯರ ಮಾತಿಗೆ ಮರಳುವುದೂ ಅಲ್ಲ. ಅಭ್ಯರ್ಥಿ ತಾನೇ ಆರಿಸಿ ಕೊಟ್ಟ ಮೂರು ಬರಹಗಳನ್ನು ಸಮಿತಿಯ ಸದಸ್ಯರು ಓದಿರಬೇಕು, ಓದಿದ್ದಕ್ಕೆ ಸಾಕ್ಷಿಯಾಗಿ ತಮ್ಮ ಅಭಿಪ್ರಾಯವನ್ನು ಸಕಾರಣವಾಗಿ ಬರೆದಿಡಬೇಕು, ಅಂಕಿ ಆ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೆ ಯಾಕೆಂದು ವಿವರಿಸಬೇಕು. ಬರೆದಿಟ್ಟ ಕಾರಣವನ್ನು ಪ್ರಶ್ನಿಸಬಹುದು. ಬರಿಯ ಅಂಕಿಯನ್ನು ಯಾರೂ ಪ್ರಶ್ನಿಸಲಾರರು.

ರಂಗನಾಥನ್ ಅಪರೂಪದವರು, ಅವರನ್ನು ಉದಾಹರಣೆಯಾಗಿಟ್ಟು ಸಾಮಾನ್ಯ ನಿಯಮ ಮಾಡಬಾರದು ಎನ್ನುವವರಿದ್ದಾರೆ. ಅವರು ಕನ್ನಡದ ಸಂಶೋಧನ ಲೇಖನ ಯಾವುದನ್ನಾದರೂ ತೆರೆದು ಅಡಿಟಿಪ್ಪಣಿಗಳನ್ನು ನೋಡಲಿ. ಶಾಸನಗಳ ಬಗ್ಗೆ ಬರೆದ ಲೇಖನವಾದರೆ ಅಲ್ಲಿ ‘ಎ.ಕ.’ ಎಂಬ ಎರಡಕ್ಷರ, ಸಂಪುಟದ ಸಂಖ್ಯೆ, ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಇರುತ್ತದೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಅವರ ಹೆಸರು ಆ ಟಿಪ್ಪಣಿಯಲ್ಲಿ ಬರುವುದೇ ಇಲ್ಲ. ಕರ್ನಾಟಕದ ಇತಿಹಾಸ ಬರೆದವರಲ್ಲಿ ಅವರ ಋಣ ಇಲ್ಲದವರಿಲ್ಲ, ಆದರೆ ಲೇಖಕರ ಹೆಸರು ಹುಡುಕುವ ಯಂತ್ರಕ್ಕೆ ಆ ಋಣದಲ್ಲಿ ಒಂದು ಪಾಲೂ ಕಾಣದು. ನಿಘಂಟುಕಾರರು, ಗ್ರಂಥಸಂಪಾದಕರು, ಸೂಚಿಕಾರರು, ಹಸ್ತಪ್ರತಿಗಳ ಪಟ್ಟಿ ಮಾಡಿದವರು, ಇವರೆಲ್ಲರ ಪಾಡೂ ಇದೇ. ಪರಿಷತ್ಪತ್ರಿಕೆ, ಪ್ರಬುದ್ಧ ಕರ್ನಾಟಕ, ಕರ್ನಾಟಕ ಭಾರತಿ, ಸಾಧನೆಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ನಡೆದ ವಾಗ್ವಾದಗಳು ಅಂತರರಾಷ್ಟ್ರೀಯ ಸೂಚಿಗಳ ಹೊರಗೇ ಉಳಿದಿವೆ. ಹೀಗಿರುವಾಗ ರಂಗನಾಥನ್ನರನ್ನು ಅಪವಾದವೆನ್ನುವುದು ಹೇಗೆ? ಬೇರೆಯವರ ಕೆಲಸಕ್ಕೆ ನೆಲ ಹದಮಾಡಿಕೊಡುವ ವಿದ್ವತ್ತೆಲ್ಲ ಈ ಲೆಕ್ಕದಿಂದ ಜಾರಿಹೋಗುತ್ತದೆ.

ತಂತ್ರಜ್ಞಾನ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಉತ್ತರ ಕೊಡಬೇಕು. ಸುಧಾರಣೆ ಆಗಿದೆ, ಆಗುತ್ತಲೂ ಇದೆ. ಸ್ಕೋಪಸ್, ಗೂಗಲ್ ಸ್ಕಾಲರ್ ಎರಡೂ 2004ರಲ್ಲಿ ಬಂದು ಸೂಚಿಯ ಬೇಲಿಯನ್ನು ಬಹಳ ದೂರ ಸರಿಸಿದವು. ಇಬ್ಬರು ಲೇಖಕರನ್ನು ಮೂರನೆಯವರು ಎಷ್ಟು ಸಲ ಒಟ್ಟಿಗೆ ಉಲ್ಲೇಖಿಸಿದ್ದಾರೆಂದು ಎಣಿಸಿ ಒಂದು ಶಾಸ್ತ್ರದ ನಕ್ಷೆ ಬರೆಯುವ ವಿಧಾನವನ್ನು ವೈಟ್ ಮತ್ತು ಗ್ರಿಫಿತ್ 1981ರಲ್ಲಿ ಮಾಹಿತಿ ವಿಜ್ಞಾನದ ಮೇಲೆಯೇ ಪ್ರಯೋಗಿಸಿದರು. ಇದು ನನ್ನ ದೃಷ್ಟಿಯಲ್ಲಿ ಬರಿಯ ಎಣಿಕೆಗಿಂತ ಎಷ್ಟೋ ಪಾಲು ಒಳ್ಳೆಯ ಸಾಧನ, ಏಕೆಂದರೆ ಅದು ಯಾರು ಮೇಲು ಎಂದು ಕೇಳದೆ ಯಾರು ಯಾರ ಪಕ್ಕ ನಿಲ್ಲುತ್ತಾರೆ ಎಂದು ಕೇಳುತ್ತದೆ. ಉಲ್ಲೇಖ ಬಂದ ವಾಕ್ಯವನ್ನೇ ಓದಿ ಅದು ಒಪ್ಪಿಗೆಯೋ ಖಂಡನೆಯೋ ಎಂದು ಗುರುತಿಸುವ ತಂತ್ರಾಂಶಗಳೂ ಬಂದಿವೆ. ವಕೀಲರ ಸಂಕೇತಾಕ್ಷರ ನೂರೈವತ್ತು ವರ್ಷಗಳ ಮೇಲೆ ವಿಜ್ಞಾನಕ್ಕೆ ದಕ್ಕುತ್ತಿದೆ ಎನ್ನಬಹುದು. ಆದರೆ ಬರೆಯದೇ ಬಿಟ್ಟ ಉಲ್ಲೇಖವನ್ನು ಯಾವ ತಂತ್ರಾಂಶವೂ ಓದಲಾರದು.

ಅಂಕಿಗೆ ಸಂಬಳ, ಬಡ್ತಿ ಅಂಟಿಕೊಂಡಾಗ ಅಂಕಿಯೇ ಕೆಡುತ್ತದೆ ಎಂಬುದಕ್ಕೆ ಸಾಕ್ಷ್ಯ ಹುಡುಕಿ ದೂರ ಹೋಗಬೇಕಿಲ್ಲ. ಇಟಲಿಯಲ್ಲಿ 2010ರ ಕಾಯ್ದೆ ಬಡ್ತಿಯನ್ನು ಉಲ್ಲೇಖದ ಅಂಕಿಗಳಿಗೆ ಕಟ್ಟಿದ ಮೇಲೆ, ಅಲ್ಲಿನವರು ತಮ್ಮನ್ನು ತಾವು ಮತ್ತು ತಮ್ಮ ದೇಶದವರನ್ನೇ ಉಲ್ಲೇಖಿಸಿಕೊಳ್ಳುವುದು ಬೇರೆ ಮುಂದುವರಿದ ದೇಶಗಳಿಗಿಂತ ಜೋರಾಗಿ ಏರಿತೆಂದು 2019ರ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ 2010ರ ಯುಜಿಸಿ ನಿಯಮಗಳು ಪ್ರಬಂಧಕ್ಕಿಷ್ಟು ಅಂಕ ಎಂಬ ಪದ್ಧತಿ ತಂದವು; ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು; 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಡಬೇಕಾಯಿತು. ಅಂಕಿಗಳ ಇಂಥ ದುರ್ಬಳಕೆಯ ಆತಂಕದಿಂದಲೇ ಸಂಶೋಧನೆಯ ಮೌಲ್ಯಮಾಪನ ಹೇಗಿರಬೇಕೆಂದು ಹೇಳುವ ಸ್ಯಾನ್ ಫ್ರಾನ್ಸಿಸ್ಕೋದ ಘೋಷಣೆ 2012ರಲ್ಲಿ, ಲೈಡನ್ ಪ್ರಣಾಳಿಕೆ 2015ರಲ್ಲಿ ಹುಟ್ಟಿದವು. ಲೈಡನ್ನಿನ ಹತ್ತು ತತ್ತ್ವಗಳಲ್ಲೊಂದು ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕೆನ್ನುತ್ತದೆ. ಕನ್ನಡದವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಅದನ್ನು.

ರಂಗನಾಥನ್ ಅವರಿಗೆ ಎಣಿಕೆಯ ಬಗ್ಗೆ ಅಸಡ್ಡೆಯಿತ್ತೆಂದು ಯಾರೂ ತಿಳಿಯಬಾರದು. ಗಣಿತದವರು ಅವರು. 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ, ಆಸ್ಲಿಬ್ ಎಂಬ ಗ್ರಂಥಾಲಯ ಸಂಘದ ಸಮ್ಮೇಳನದಲ್ಲಿ, ಗ್ರಂಥಾಲಯದ ಕೆಲಸಕ್ಕೂ ಸಂಖ್ಯಾಶಾಸ್ತ್ರವನ್ನು ಅನ್ವಯಿಸಬೇಕು, ಅದೊಂದು ಶಾಖೆಯಾಗಬೇಕು ಎಂದು ಹೇಳಿ ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟವರು ಅವರೇ. ಗ್ರಂಥಾಲಯಕ್ಕೆ ಎಷ್ಟು ಸಿಬ್ಬಂದಿ ಬೇಕೆಂದು ಲೆಕ್ಕ ಹಾಕುವ ಸೂತ್ರವನ್ನೂ ಕೊಟ್ಟರು. ಅವರು ಎಣಿಸಲು ಹೊರಟದ್ದು ಸೇವೆಯನ್ನು: ಓದುಗನಿಗೆ ಪುಸ್ತಕ ಬೇಗ ಸಿಗಲು ಏನು ಬೇಕು ಎಂಬುದನ್ನು. ಆ ಪರಂಪರೆ ಬೆಂಗಳೂರಿನಲ್ಲಿ ಮುಂದುವರಿಯಿತು. ಮಾಹಿತಿಯ ಅಳತೆಗಳ ಮೇಲಿನ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ 1991ರ ಆಗಸ್ಟ್‌ನಲ್ಲಿ ಡಿಆರ್‌ಟಿಸಿಯ ಆಶ್ರಯದಲ್ಲಿ ಇಲ್ಲೇ ನಡೆಯಿತು. ಅಳೆಯುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯ ವಿಜ್ಞಾನ ವಿಭಾಗಗಳಿಗೂ ಕನ್ನಡ ಅಧ್ಯಯನ ವಿಭಾಗಗಳಿಗೂ ಒಂದು ಬಿನ್ನಹ. ಕನ್ನಡದ ಸಂಶೋಧನ ಪತ್ರಿಕೆಗಳ ಅಡಿಟಿಪ್ಪಣಿಗಳನ್ನು ಒಟ್ಟುಗೂಡಿಸಿ ಒಂದು ಉಲ್ಲೇಖ ಸೂಚಿಯನ್ನು ಕೂಡಿ ಕಟ್ಟಿ. ಪ್ರತಿ ಉಲ್ಲೇಖದ ಪಕ್ಕ ಅದು ಒಪ್ಪಿ ಬಂದದ್ದೋ, ತಿದ್ದಿ ಬಂದದ್ದೋ, ಅಲ್ಲಗಳೆದು ಬಂದದ್ದೋ ಎಂಬ ಗುರುತು ಇರಲಿ. ‘ಎ.ಕ.’ ಎಂದಿರುವಲ್ಲಿ ಸಂಪಾದಕರ ಹೆಸರನ್ನು ಬಿಡಿಸಿ ಬರೆಯಿರಿ. ಕೃತಜ್ಞತೆಯ ಸಾಲುಗಳನ್ನೂ ಸೇರಿಸಿಕೊಳ್ಳಿ. ಒಂದು ಪತ್ರಿಕೆಯ ಹತ್ತು ವರ್ಷದ ಸಂಚಿಕೆಗಳಿಂದ ಶುರುಮಾಡಿದರೂ ಸಾಕು; ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನಾ ಕಾರ್ಯಕ್ಕೆ ಅದು ಸರಿಯಾದ ಗಾತ್ರದ ಕೆಲಸ. ಆ ಸೂಚಿಯನ್ನು ಸಂಶೋಧಕರು ಹುಡುಕಲು ಬಳಸಲಿ. ಅದರಿಂದ ಶ್ರೇಯಾಂಕದ ಪಟ್ಟಿ ಮಾಡುವುದಿಲ್ಲವೆಂದು ಮೊದಲ ಪುಟದಲ್ಲೇ ಅಚ್ಚುಹಾಕಿ.